ಬಂಡೆಹೊಂಡ, ಉಬ್ಬರವಿಳಿತ, ಚಂದ್ರ: ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನು ಕಡಲಂಚಿನ ಬಂಡೆಗಳ ಬಳಿಗೆ ಕರೆದೊಯ್ದರೆ ಪ್ರಶ್ನೆಗಳು ಏಡಿಯಿಂದ ಆರಂಭವಾಗಿ ಅರ್ಧ ಗಂಟೆಯೊಳಗೆ ಚಂದ್ರನನ್ನು ತಲುಪುತ್ತವೆ. ಇಲ್ಲಿಯೂ ಪ್ರಶ್ನೆಗಳನ್ನು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಜೋಡಿಸಲಾಗಿದೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ತಾವೇ ಓದಿಕೊಳ್ಳಬಹುದು; ಕಿರಿಯರಿಗೆ ದೊಡ್ಡವರು ಓದಿ ಹೇಳಬೇಕಾದೀತು.

ಬಂಡೆಹೊಂಡ ಎಂದರೆ ಯಾವುದು?

ಹೆಚ್ಚಿನ ಕರಾವಳಿಗಳಲ್ಲಿ ಕಡಲು ದಿನಕ್ಕೆ ಎರಡು ಬಾರಿ ದಡದತ್ತ ಏರುತ್ತದೆ, ಎರಡು ಬಾರಿ ಹಿಂದೆ ಸರಿಯುತ್ತದೆ. ಏರುವುದಕ್ಕೆ ಉಬ್ಬರ ಅಥವಾ ಭರತ ಎಂದೂ, ಸರಿಯುವುದಕ್ಕೆ ಇಳಿತ ಎಂದೂ ಹೆಸರು. ದಡ ಮರಳಿನದಾಗಿದ್ದರೆ ನೀರು ಬಸಿದುಹೋಗುತ್ತದೆ. ಬಂಡೆಯದಾಗಿದ್ದರೆ ತಗ್ಗುಗಳಲ್ಲಿಯೂ ಸಂದುಗಳಲ್ಲಿಯೂ ಒಂದಿಷ್ಟು ನೀರು ಸಿಕ್ಕಿಕೊಂಡು ಮುಂದಿನ ಉಬ್ಬರದವರೆಗೆ ಅಲ್ಲಿಯೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಟೈಡ್‌ಪೂಲ್ ಎನ್ನುವುದು ಇದನ್ನೇ. ಅಂಗೈಯಗಲದ್ದೂ ಹೊಂಡವೇ, ಇಡೀ ತರಗತಿ ಸುತ್ತುವರಿದು ನೋಡಬಹುದಾದಷ್ಟು ದೊಡ್ಡದೂ ಹೊಂಡವೇ. ಮಳೆನೀರು ಮಾತ್ರ ನಿಂತ ಗುಂಡಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಉಬ್ಬರ ಬಂದು ಅದನ್ನು ಮತ್ತೆ ಮತ್ತೆ ತುಂಬಬೇಕು.

ಹೊಂಡದಲ್ಲಿರುವುದೂ ಕಡಲಿನ ನೀರೇ ಅಲ್ಲವೇ? ಹಾಗಿದ್ದರೆ ಅಲ್ಲಿ ಬದುಕುವುದು ಕಷ್ಟವೆಂದು ಏಕೆ ಹೇಳುತ್ತಾರೆ?

ತುಂಬಿದ ಕ್ಷಣದಲ್ಲಿ ಅದು ಕಡಲಿನ ನೀರೇ. ಅನಂತರದ ಐದಾರು ಗಂಟೆಗಳಲ್ಲಿ ಅದು ಬೇರೆಯದೇ ನೀರಾಗುತ್ತದೆ. ಬಿಸಿಲಿಗೆ ಕಾಯುತ್ತದೆ, ಆವಿಯಾದಷ್ಟೂ ಉಪ್ಪಿನ ಸಾಂದ್ರತೆ ಏರುತ್ತದೆ, ಜೋರು ಮಳೆ ಬಂದರೆ ಅದೇ ಹೊಂಡ ಗಂಟೆಯೊಳಗೆ ಸಪ್ಪೆಯಾಗುತ್ತದೆ. ಹಗಲಿನಲ್ಲಿ ಪಾಚಿಗಳು ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕವನ್ನು ಧಾರಾಳವಾಗಿ ಬಿಡುತ್ತವೆ, ಕೆಲವೊಮ್ಮೆ ಪಾಚಿಯ ಎಳೆಗಳ ತುದಿಯಲ್ಲಿ ಅದರ ಗುಳ್ಳೆಗಳನ್ನು ಕಣ್ಣಾರೆ ಕಾಣಬಹುದು. ರಾತ್ರಿಯ ಇಳಿತದಲ್ಲಿ ಬೆಳಕಿಲ್ಲ, ಉಸಿರಾಟ ಮಾತ್ರ ಇದೆ. ಪಾಚಿಯೂ ಮೀನೂ ಏಡಿಯೂ ಆ ಬೊಗಸೆ ನೀರಿನ ಆಮ್ಲಜನಕವನ್ನೇ ಹಂಚಿಕೊಳ್ಳಬೇಕು. ತೆರೆದ ಕಡಲಿನ ಮೀನು ಎಂದೂ ಎದುರಿಸದಷ್ಟು ಏರುಪೇರನ್ನು ಹೊಂಡದ ಮೀನು ಒಂದೇ ದಿನದಲ್ಲಿ ಕಾಣುತ್ತದೆ.

ಬಂಡೆಗಳ ಮೇಲೆ ಅಡ್ಡಡ್ಡ ಪಟ್ಟೆಗಳು ಕಾಣುತ್ತವೆ. ಅವುಗಳನ್ನು ಯಾರು ಬರೆದರು?

ಈ ಪುಟದ ಎಲ್ಲ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು, ಏಕೆಂದರೆ ಇದಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದರ ಅರ್ಧ ತಾನಾಗಿ ತಿಳಿಯುತ್ತದೆ. ಬಂಡೆಯ ಮೇಲಿನ ಎತ್ತರವೆಂದರೆ ಅಲ್ಲಿ ಕಾಲವೇ. ಒಂದು ಜಾಗ ಎಷ್ಟು ಮೇಲಿದೆಯೋ ಅಷ್ಟು ಹೆಚ್ಚು ಗಂಟೆಗಳ ಕಾಲ ಅದು ನೀರಿನ ಹೊರಗಿರುತ್ತದೆ. ತುತ್ತತುದಿಯ ಕಪ್ಪು ಪಟ್ಟೆಗೆ ಅಲೆಯ ಹನಿ ಸಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ; ಅಲ್ಲಿ ತೆಳುವಾದ ಪಾಚಿಯ ಲೇಪವೂ ಕಾಳಿನಷ್ಟು ಚಿಕ್ಕ ಬಸವನಹುಳುಗಳೂ ಇರುತ್ತವೆ. ಅದರ ಕೆಳಗೆ ಬಾರ್ನಕಲ್ ಎಂಬ, ಬಂಡೆಗೆ ಅಂಟಿಕೊಂಡೇ ಬದುಕುವ, ಮುಟ್ಟಿದರೆ ತರಚುವ ಬಿಳಿಯ ಪುಟ್ಟ ಜೀವಿಗಳ ಪಟ್ಟೆ, ಅದರ ಕೆಳಗೆ ಒತ್ತೊತ್ತಾಗಿ ಅಂಟಿಕೊಂಡ ಪಚ್ಚಿಲೆ ಚಿಪ್ಪುಗಳು, ಎಲ್ಲಕ್ಕಿಂತ ಕೆಳಗೆ ದೊಡ್ಡ ಕಡಲಕಳೆಗಳು, ನಕ್ಷತ್ರ ಮೀನುಗಳು, ಮುಳ್ಳುಚೆಂಡಿನಂತಹ ಸೀ ಅರ್ಚಿನ್‌ಗಳು.

ಪಟ್ಟೆಯ ಮೇಲಂಚನ್ನು ಬಹುಮಟ್ಟಿಗೆ ಒಣಗುವಿಕೆ ಮತ್ತು ಬಿಸಿಲು ನಿರ್ಧರಿಸುತ್ತವೆ. ಕೆಳಗಿನ ಅಂಚನ್ನು? ನೀರು ಹೆಚ್ಚಿದ್ದಷ್ಟೂ ಒಳ್ಳೆಯದಾದರೆ ಎಲ್ಲರೂ ಕೆಳಗೇ ಇರಬೇಕಿತ್ತಲ್ಲ ಎಂದು ಕೇಳುವ ಮಗು ಸರಿಯಾದ ದಾರಿಯಲ್ಲಿದೆ. ಜೋಸೆಫ್ ಕಾನೆಲ್ ಎಂಬ ಜೀವಿವಿಜ್ಞಾನಿ ಸ್ಕಾಟ್ಲೆಂಡಿನ ಬಂಡೆಗಳ ಮೇಲೆ ಎರಡು ಬಗೆಯ ಬಾರ್ನಕಲ್‌ಗಳನ್ನು ಗಮನಿಸಿ 1961ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಮೇಲಿನ ಪಟ್ಟೆಯ ಚಿಕ್ಕ ಬಾರ್ನಕಲ್ ಕೆಳಗೂ ಚೆನ್ನಾಗಿಯೇ ಬದುಕಬಲ್ಲದು. ಆದರೆ ಅಲ್ಲಿ ವೇಗವಾಗಿ ಬೆಳೆಯುವ ದೊಡ್ಡ ಬಾರ್ನಕಲ್ ಅದನ್ನು ಒತ್ತರಿಸಿ, ಬುಡಸಮೇತ ಎಬ್ಬಿಸಿ ಹಾಕುತ್ತದೆ. ಕಾನೆಲ್ ದೊಡ್ಡದನ್ನು ಕೆರೆದು ತೆಗೆದಾಗ ಚಿಕ್ಕದು ಕೆಳಗೂ ಉಳಿಯಿತು. ಮೇಲಂಚು ಬಿಸಿಲಿನದು, ಕೆಳಗಿನ ಅಂಚು ನೆರೆಯವರದು ಎನ್ನಬಹುದು.

ನೆರೆಯವರಿಗೂ ಒಬ್ಬ ಹಿಡಿತಗಾರನಿದ್ದಾನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ರಾಬರ್ಟ್ ಪೇನ್ 1963ರಿಂದ ಒಂದು ಬಂಡೆಯ ನಕ್ಷತ್ರ ಮೀನುಗಳನ್ನು ಕಿತ್ತು ಕಿತ್ತು ಕಡಲಿಗೆ ಎಸೆಯುತ್ತ ಬಂದರು. ಪಚ್ಚಿಲೆಯನ್ನು ತಿನ್ನುವವರು ಇಲ್ಲವಾದ ಮೇಲೆ ಅದು ಜಾಗವನ್ನೆಲ್ಲ ಆಕ್ರಮಿಸಿತು; ಅಲ್ಲಿದ್ದ 15 ಪ್ರಭೇದಗಳು ಕೆಲವೇ ವರ್ಷಗಳಲ್ಲಿ 8ಕ್ಕೆ ಇಳಿದವು. ಇಂತಹ ಜೀವಿಗೆ ಪೇನ್ 1969ರಲ್ಲಿ ಕೀಸ್ಟೋನ್ ಪ್ರಭೇದ ಎಂದು ಹೆಸರಿಟ್ಟರು. ಕಮಾನಿನ ನಡುಗಲ್ಲನ್ನು ತೆಗೆದರೆ ಇಡೀ ಕಮಾನು ಕುಸಿಯುತ್ತದೆ ಎಂಬುದು ಹೋಲಿಕೆ.

ನೀರು ಸರಿದಾಗ ಈ ಜೀವಿಗಳು ಏನು ಮಾಡುತ್ತವೆ?

ಹೆಚ್ಚಿನವು ಬಾಗಿಲು ಹಾಕಿಕೊಂಡು ಕಾಯುತ್ತವೆ. ಬಾರ್ನಕಲ್ ನೋಡಲು ಚಿಪ್ಪಿನಂತಿದ್ದರೂ ಏಡಿಯ ಬಳಗಕ್ಕೆ ಸೇರಿದ್ದು. ತಲೆಯನ್ನು ಬಂಡೆಗೆ ಅಂಟಿಸಿ, ಕಾಲುಗಳನ್ನು ಗರಿಯಂತೆ ಹೊರಚಾಚಿ ನೀರಿನಿಂದ ಆಹಾರವನ್ನು ಬಾಚಿಕೊಳ್ಳುತ್ತದೆ, ನೀರಿಲ್ಲದಾಗ ಪುಟ್ಟ ಕದಗಳನ್ನು ಮುಚ್ಚುತ್ತದೆ. ಕಡಲ ಹೂ ಎಂದು ಕರೆಸಿಕೊಳ್ಳುವ ಸೀ ಅನಿಮನಿ ತನ್ನ ಕರಬಳ್ಳಿಗಳನ್ನೆಲ್ಲ ಒಳಗೆಳೆದುಕೊಂಡು ಮೆತ್ತನೆಯ ಮುದ್ದೆಯಾಗುತ್ತದೆ. ಮೊದಲ ಸಲ ನೋಡುವವರು ಅದನ್ನು ತುಳಿದೇ ಬಿಡುವುದುಂಟು.

ಟೋಪಿಯಾಕಾರದ ಲಿಂಪೆಟ್ ಎಂಬ ಬಸವನಹುಳುವಿನ ಮುಂದೆ ಮಾತ್ರ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ನೀರಿದ್ದಾಗ ಅದು ತೆವಳುತ್ತ ಹೋಗಿ ಪಾಚಿಯನ್ನು ಕೆರೆದು ತಿನ್ನುತ್ತದೆ. ಬಂಡೆ ಒಣಗುವ ಮೊದಲು ಹೊರಟ ಜಾಗಕ್ಕೇ ಮರಳುತ್ತದೆ. ಅದರ ಚಿಪ್ಪಿನ ಅಂಚೂ ಆ ಜಾಗದ ಕಲ್ಲೂ ಪರಸ್ಪರ ಸವೆದು, ಡಬ್ಬಿಗೆ ಮುಚ್ಚಳ ಕೂತಂತೆ ಹೊಂದಿಕೊಂಡಿರುತ್ತವೆ, ಆದ್ದರಿಂದ ಒಳಗಿನ ತೇವ ಆರುವುದಿಲ್ಲ. ಲಿಂಪೆಟ್ ಇಲ್ಲದ ಬಂಡೆಯಲ್ಲಿ ಅಂಡಾಕಾರದ ಮಾಸಿದ ಗುರುತು ಕಂಡರೆ ಅದು ಖಾಲಿ ಮನೆ. ಲಿಂಪೆಟ್‌ನ ಹಲ್ಲುಗಳಲ್ಲಿ ಗೋಥೈಟ್ ಎಂಬ ಕಬ್ಬಿಣದ ಖನಿಜವಿದೆ. ಅವು ಜೇಡರ ಎಳೆಗಿಂತಲೂ ಗಟ್ಟಿ ಎಂದು 2015ರಲ್ಲಿ ಅಳೆದು ತೋರಿಸಲಾಯಿತು.

ಮೀನಿನ ಉಪಾಯ ಇನ್ನೊಂದು ಬಗೆಯದು. ಗೋಬಿ ಜಾತಿಯ ಒಂದು ಪುಟ್ಟ ಮೀನು ಅಪಾಯ ಕಂಡಾಗ ಒಂದು ಹೊಂಡದಿಂದ ಪಕ್ಕದ ಹೊಂಡಕ್ಕೆ ನೆಗೆಯುತ್ತದೆ, ಅದೂ ಪಕ್ಕದ ಹೊಂಡ ಕಣ್ಣಿಗೆ ಕಾಣದಿದ್ದರೂ. ಲೆಸ್ಟರ್ ಅರಾನ್ಸನ್ ಕೃತಕ ಹೊಂಡಗಳನ್ನು ನಿರ್ಮಿಸಿ ನಡೆಸಿದ ಪ್ರಯೋಗಗಳಿಂದ, ಉಬ್ಬರದಲ್ಲಿ ಬಂಡೆ ಮುಳುಗಿದ್ದಾಗ ಅದರ ಮೇಲೆ ಈಜಾಡುತ್ತ ತಗ್ಗುಗಳನ್ನು ನೆನಪಿಟ್ಟುಕೊಂಡು, ಇಳಿತದಲ್ಲಿ ಆ ನೆನಪನ್ನೇ ನಂಬಿ ಅದು ನೆಗೆಯುತ್ತದೆ ಎಂದು 1951ರಲ್ಲಿ ತಿಳಿದುಬಂತು.

ಇಷ್ಟೆಲ್ಲಕ್ಕೂ ಚಂದ್ರ ಹೇಗೆ ಕಾರಣ? ಚಂದ್ರ ನೀರನ್ನು ಮೇಲಕ್ಕೆ ಎತ್ತುತ್ತಾನೆಯೇ?

ಎತ್ತುವುದಿಲ್ಲ. ಭೂಮಿ ನೀರನ್ನು ಕೆಳಗೆ ಹಿಡಿದಿರುವ ಬಲದ ಎದುರು ಚಂದ್ರನ ಉಬ್ಬರಬಲ ಸುಮಾರು ಒಂದು ಕೋಟಿಯಲ್ಲಿ ಒಂದು ಭಾಗ ಮಾತ್ರ. ಅಷ್ಟರಿಂದ ನೀರು ನೆಟ್ಟಗೆ ಮೇಲೇಳಲು ಸಾಧ್ಯವಿಲ್ಲ. ಆದರೆ ನೀರನ್ನು ಅಡ್ಡಕ್ಕೆ ಜರುಗಿಸಲು ಭೂಮಿಯ ಗುರುತ್ವದ ವಿರುದ್ಧ ಹೋರಾಡಬೇಕಿಲ್ಲ. ಸಾವಿರಾರು ಕಿಲೋಮೀಟರ್ ಹರಡಿದ ಸಾಗರದಲ್ಲಿ ಎಲ್ಲೆಡೆಯ ನೀರೂ ಒಂದಿಷ್ಟೇ ಇಷ್ಟು ಅಡ್ಡಕ್ಕೆ ಜರುಗಿದರೆ ಅದು ಒಂದೆಡೆ ರಾಶಿಯಾಗುತ್ತದೆ. ಉಬ್ಬರದ ಮೂಲ ಈ ಜರುಗುವಿಕೆ. ಚಂದ್ರ ಹಗ್ಗ ಹಾಕಿ ನೀರನ್ನು ಎಳೆಯುವಂತಹ ಚಿತ್ರಗಳು ಮಕ್ಕಳ ಮನಸ್ಸಿನಲ್ಲಿ ತಪ್ಪು ಕಲ್ಪನೆಯನ್ನೇ ಊರುತ್ತವೆ ಎಂಬುದು ನನ್ನ ಅಭಿಪ್ರಾಯ.

ಚಂದ್ರ ಇರುವುದು ಒಂದೇ ಕಡೆ. ಉಬ್ಬರ ಮಾತ್ರ ಎರಡು ಕಡೆ ಏಕೆ?

ಉಬ್ಬರ ಹುಟ್ಟುವುದು ಸೆಳೆತದಿಂದಲ್ಲ, ಸೆಳೆತದಲ್ಲಿರುವ ವ್ಯತ್ಯಾಸದಿಂದ. ಚಂದ್ರ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ, ಭೂಮಿಯ ವ್ಯಾಸ ಸುಮಾರು 12,700 ಕಿ.ಮೀ. ಹೀಗಾಗಿ ಚಂದ್ರನಿಗೆ ಎದುರಾಗಿರುವ ಕಡಲಿನ ಮೇಲೆ ಸೆಳೆತ ಸ್ವಲ್ಪ ಹೆಚ್ಚು, ಭೂಮಿಯ ಕೇಂದ್ರದ ಮೇಲೆ ಮಧ್ಯಮ, ಆಚೆ ಬದಿಯ ಕಡಲಿನ ಮೇಲೆ ಸ್ವಲ್ಪ ಕಡಿಮೆ. ಮೂವರು ಸಾಲಾಗಿ ಓಡುತ್ತಿದ್ದಾರೆ ಎಂದುಕೊಳ್ಳಿ: ಮುಂದಿನವನು ತುಸು ಬೇಗ, ನಡುವಿನವನು ಹದವಾಗಿ, ಹಿಂದಿನವನು ತುಸು ನಿಧಾನ. ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಿದ್ದರೂ ನಡುವಿನವನಿಗೆ ಇಬ್ಬರೂ ತನ್ನಿಂದ ದೂರ ಸರಿಯುತ್ತಿರುವಂತೆ ಕಾಣುತ್ತದೆ. ನಾವು ನಡುವಿನವನ ಸ್ಥಾನದಲ್ಲಿ ನಿಂತು ನೋಡುತ್ತಿರುವುದರಿಂದ ನೀರು ಎರಡೂ ಬದಿಗೆ ಉಬ್ಬಿದೆ ಎನ್ನುತ್ತೇವೆ. ಭೂಮಿ ಈ ಎರಡು ಉಬ್ಬುಗಳ ಕೆಳಗೆ ತಿರುಗುತ್ತದೆ.

ಇದನ್ನು ಮೊದಲು ಸರಿಯಾಗಿ ವಿವರಿಸಿದವರು ನ್ಯೂಟನ್, 1687ರಲ್ಲಿ. ಅದಕ್ಕೆ ಮುನ್ನ ಗೆಲಿಲಿಯೊ, ಭೂಮಿಯ ಚಲನೆಯಿಂದ ಕಡಲು ಪಾತ್ರೆಯ ನೀರಿನಂತೆ ತುಳುಕುತ್ತದೆ ಎಂದು ವಾದಿಸಿದ್ದರು. ಚಂದ್ರ ಕಾರಣವೆಂದ ಕೆಪ್ಲರ್ ಅವರ ಮಾತು ಅವರಿಗೆ ಹಿಡಿಸಿರಲಿಲ್ಲ. ಈ ಪಾಠ ತಲೆಗೆ ಹತ್ತದೆ ಬೇಸರಪಡುವ ವಿದ್ಯಾರ್ಥಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಉಬ್ಬರದ ಸಮಯ ದಿನವೂ ಏಕೆ ಬದಲಾಗುತ್ತದೆ?

ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ಮುಂದೆ ಸಾಗಿರುತ್ತಾನೆ. ಅವನ ಕೆಳಗೆ ಮತ್ತೆ ಬಂದು ನಿಲ್ಲಲು ಭೂಮಿಗೆ ಇನ್ನೂ ಸುಮಾರು 50 ನಿಮಿಷ ಬೇಕು. ಆದ್ದರಿಂದ ಒಂದು ಉಬ್ಬರದಿಂದ ಮುಂದಿನದಕ್ಕೆ 12 ಗಂಟೆ 25 ನಿಮಿಷ, ಉಬ್ಬರದಿಂದ ಇಳಿತಕ್ಕೆ 6 ಗಂಟೆಗಿಂತ ಸ್ವಲ್ಪ ಹೆಚ್ಚು. ಒಮ್ಮೆ ನಾನು ಹಿಂದಿನ ದಿನದ ವೇಳೆಯನ್ನೇ ನಂಬಿ ಮೂವತ್ತು ಮಕ್ಕಳನ್ನು ಕರೆದೊಯ್ದು, ಇನ್ನೂ ಮುಳುಗಿದ್ದ ಬಂಡೆಯ ಎದುರು ಮುಕ್ಕಾಲು ಗಂಟೆ ಕೂರಿಸಿದ್ದೆ. ಆ ತರಗತಿಯವರು ಈ 50 ನಿಮಿಷವನ್ನು ಪರೀಕ್ಷೆಯಲ್ಲಿ ಮರೆಯಲಿಲ್ಲ.

ಸೂರ್ಯ ಚಂದ್ರನಿಗಿಂತ ಎಷ್ಟೋ ದೊಡ್ಡವನು. ಉಬ್ಬರದಲ್ಲಿ ಅವನ ಪಾಲು ಏಕೆ ಕಡಿಮೆ?

ಸೂರ್ಯನ ದ್ರವ್ಯರಾಶಿ ಚಂದ್ರನದಕ್ಕಿಂತ ಸುಮಾರು 2.7 ಕೋಟಿ ಪಟ್ಟು. ನೇರ ಸೆಳೆತದಲ್ಲಿ ಅವನೇ ಬಲಶಾಲಿ, ಸುಮಾರು 178 ಪಟ್ಟು. ಆದರೆ ಉಬ್ಬರಕ್ಕೆ ಬೇಕಾದದ್ದು ವ್ಯತ್ಯಾಸ. ಅದು ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಸೂರ್ಯ ಚಂದ್ರನಿಗಿಂತ ಸುಮಾರು 389 ಪಟ್ಟು ದೂರ. 389 × 389 × 389 ಎಂದರೆ ಸುಮಾರು 5.9 ಕೋಟಿ. 2.7ನ್ನು 5.9ರಿಂದ ಭಾಗಿಸಿದರೆ 0.46. ಎಂದರೆ ಸೂರ್ಯನ ಪಾಲು ಚಂದ್ರನ ಪಾಲಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಏಳನೆಯ ತರಗತಿಯ ಗಣಿತದಿಂದ ಇಷ್ಟು ದೂರ ಬರಬಹುದು.

ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಕಡಲು ಹೆಚ್ಚು ಉಕ್ಕುತ್ತದೆ ಎನ್ನುವುದು ನಿಜವೇ?

ನಿಜ. ಆ ದಿನಗಳಲ್ಲಿ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುವುದರಿಂದ ಇಬ್ಬರ ಪಾಲೂ ಕೂಡುತ್ತದೆ. ಅಷ್ಟಮಿಯ ಅರ್ಧಚಂದ್ರನಿದ್ದಾಗ ಇಬ್ಬರೂ ಲಂಬಕೋನದಲ್ಲಿದ್ದು ಒಬ್ಬರದನ್ನು ಇನ್ನೊಬ್ಬರು ಕಳೆಯುತ್ತಾರೆ. ಉಬ್ಬರ ಹೆಚ್ಚು ಏರಿದ ದಿನವೇ ಇಳಿತವೂ ಹೆಚ್ಚು ತಗ್ಗುತ್ತದೆ ಎಂಬುದನ್ನು ಮರೆಯಬಾರದು. ಬಂಡೆಯ ಕಟ್ಟಕಡೆಯ ಪಟ್ಟೆ ಹೊರಗೆ ಕಾಣುವುದು ಆಗಲೇ. ಅನೇಕ ಕಡೆಗಳಲ್ಲಿ ಅತಿ ದೊಡ್ಡ ಏರಿಳಿತ ಹುಣ್ಣಿಮೆಯ ದಿನಕ್ಕಲ್ಲ, ಒಂದೆರಡು ದಿನ ತಡವಾಗಿ ಬರುತ್ತದೆ.

ಈ ಸಂಬಂಧ ತಿಳಿಯದೆ ದಂಡನಾಯಕರೇ ಪೇಚಿಗೆ ಸಿಲುಕಿದ್ದುಂಟು. ಕ್ರಿ.ಪೂ. 55ರಲ್ಲಿ ಬ್ರಿಟನ್ನಿನ ದಡದಲ್ಲಿ ಹಡಗುಗಳನ್ನು ನಿಲ್ಲಿಸಿದ ಜೂಲಿಯಸ್ ಸೀಸರನ ಸೈನ್ಯಕ್ಕೆ ಹುಣ್ಣಿಮೆಯ ರಾತ್ರಿ ಬಿರುಗಾಳಿಯ ಜೊತೆಗೆ ದೊಡ್ಡ ಉಬ್ಬರ ಬಂದು ಹಡಗುಗಳು ಹಾಳಾದವು. ಅವರು ಬಂದದ್ದು ಉಬ್ಬರವಿಳಿತ ಅಷ್ಟಾಗಿ ಕಾಣದ ಮೆಡಿಟರೇನಿಯನ್ ತೀರದಿಂದ.

ಹಾಗಾದರೆ ಎಲ್ಲ ಕಡಲುಗಳಲ್ಲಿ ಉಬ್ಬರ ಒಂದೇ ಅಲ್ಲವೇ?

ಅಲ್ಲ. ಪುಸ್ತಕದ ಎರಡು ಉಬ್ಬುಗಳ ಚಿತ್ರ ಇಲ್ಲಿ ಕೈಕೊಡುತ್ತದೆ. ಆ ಚಿತ್ರದಲ್ಲಿ ಖಂಡಗಳಿಲ್ಲ. ನಿಜವಾದ ಭೂಮಿಯಲ್ಲಿ ಉಬ್ಬರವು ಖಂಡಗಳಿಗೆ ಬಡಿದು, ತಿರುಗಿ, ಸಾಗರದ ಬೋಗುಣಿಯನ್ನು ಸುತ್ತುವ ಉದ್ದನೆಯ ಅಲೆ. 1770ರ ದಶಕದಲ್ಲಿ ಲಾಪ್ಲಾಸ್ ಇದರ ಗಣಿತವನ್ನು ರೂಪಿಸಿದರು. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು 16 ಮೀಟರ್‌ವರೆಗೂ ಏರಿಳಿಯುತ್ತದೆ. ಅಲ್ಲಿನ ನೀರು ಒಂದು ಸಲ ತೂಗಿ ಬರಲು ಬೇಕಾಗುವ ಕಾಲ, ಉಬ್ಬರಗಳ ನಡುವಿನ ಹನ್ನೆರಡೂವರೆ ಗಂಟೆಗೆ ಬಹಳ ಹತ್ತಿರವಿದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ಪ್ರತಿ ಉಬ್ಬರವೂ ಹಿಂದಿನದಕ್ಕೆ ಕೂಡುತ್ತದೆ. ಮೆಡಿಟರೇನಿಯನ್‌ನ ಬಹಳ ಕಡೆ ಅರ್ಧ ಮೀಟರೂ ಇಲ್ಲ. ಮೆಕ್ಸಿಕೊ ಕೊಲ್ಲಿಯ ಹಲವೆಡೆ ದಿನಕ್ಕೆ ಒಂದೇ ಉಬ್ಬರ.

ಕೆರೆಯಲ್ಲಿ, ಬಿಂದಿಗೆಯಲ್ಲಿ, ನಮ್ಮ ದೇಹದಲ್ಲಿ ಉಬ್ಬರ ಬರುತ್ತದೆಯೇ?

ವ್ಯತ್ಯಾಸ ತೋರಬೇಕಾದರೆ ಅಗಲ ಬೇಕು. ಉತ್ತರ ಅಮೆರಿಕದ ಸುಪೀರಿಯರ್ ಎಂಬ ಬೃಹತ್ ಸರೋವರದಲ್ಲಿಯೇ ಉಬ್ಬರ 5 ಸೆಂ.ಮೀ.ಗಿಂತ ಕಡಿಮೆ. ಬಿಂದಿಗೆಯ ಒಂದು ಬದಿಗೂ ಇನ್ನೊಂದು ಬದಿಗೂ, ನಮ್ಮ ತಲೆಗೂ ಕಾಲಿಗೂ ಚಂದ್ರನ ಸೆಳೆತದಲ್ಲಿರುವ ವ್ಯತ್ಯಾಸ ಲೆಕ್ಕಕ್ಕೇ ಸಿಗದಷ್ಟು ಅಲ್ಪ. ದೇಹದಲ್ಲಿ ನೀರಿರುವುದರಿಂದ ಹುಣ್ಣಿಮೆ ಅದನ್ನು ಉಕ್ಕಿಸುತ್ತದೆ ಎಂಬ ವಾದ ಇಲ್ಲಿಗೆ ಬಿದ್ದುಹೋಗುತ್ತದೆ. ಗಟ್ಟಿ ನೆಲ ಮಾತ್ರ ನಿಜವಾಗಿಯೂ ಏರಿಳಿಯುತ್ತದೆ, ಕೆಲವೆಡೆ ಸುಮಾರು 30 ಸೆಂ.ಮೀ.ನಷ್ಟು, ಸುತ್ತಲಿನದೆಲ್ಲ ಒಟ್ಟಿಗೆ ಏರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಜಿನೀವಾ ಬಳಿಯ ಸರ್ನ್ ಸಂಸ್ಥೆಯ 27 ಕಿ.ಮೀ. ಸುತ್ತಳತೆಯ ಕಣವೇಗವರ್ಧಕವು ಚಂದ್ರನಿಂದಾಗಿ ಸುಮಾರು ಒಂದು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತಿದ್ದುದನ್ನು ಅಲ್ಲಿನ ವಿಜ್ಞಾನಿಗಳು ಪತ್ತೆಹಚ್ಚಿದ್ದರು.

ಸುನಾಮಿಯೂ ಒಂದು ಬಗೆಯ ಉಬ್ಬರವೇ?

ಅಲ್ಲ. ಸುನಾಮಿ ಹುಟ್ಟುವುದು ಕಡಲತಳದ ಭೂಕಂಪ, ಭೂಕುಸಿತ ಅಥವಾ ಜ್ವಾಲಾಮುಖಿಯಿಂದ. ಚಂದ್ರನಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ವೇಳಾಪಟ್ಟಿಯಲ್ಲಿಲ್ಲದ ಹೊತ್ತಿನಲ್ಲಿ ನೀರು ಹಠಾತ್ತನೆ ದೂರ ಸರಿದರೆ ಚಿಪ್ಪು ಆಯಲು ನಿಲ್ಲದೆ ಎತ್ತರದ ಜಾಗಕ್ಕೆ ಓಡಬೇಕು.

ಜೀವಿಗಳಿಗೆ ಚಂದ್ರನ ಲೆಕ್ಕ ತಿಳಿದಿರುತ್ತದೆಯೇ?

ಕೆಲವಕ್ಕೆ ಬೆರಗಾಗುವಷ್ಟು ನಿಖರವಾಗಿ. ಕ್ಯಾಲಿಫೋರ್ನಿಯ ಕರಾವಳಿಯ ಗ್ರುನಿಯನ್ ಮೀನು ವಸಂತ, ಬೇಸಿಗೆಗಳಲ್ಲಿ ಹುಣ್ಣಿಮೆ ಅಥವಾ ಅಮಾವಾಸ್ಯೆಯ ನಂತರದ ಕೆಲವು ರಾತ್ರಿಗಳಂದು ದೊಡ್ಡ ಉಬ್ಬರದ ಅಲೆಯೇರಿ ಮರಳಿಗೆ ಬರುತ್ತದೆ. ಹೆಣ್ಣು ಮೀನು ಬಾಲ ಊರಿ ಮರಳೊಳಗೆ ಅರ್ಧ ಹೂತು ಮೊಟ್ಟೆಯಿಡುತ್ತದೆ, ಮುಂದಿನ ಅಲೆಯೊಡನೆ ಹಿಂದಿರುಗುತ್ತದೆ. ಅನಂತರದ ದಿನಗಳ ಕಿರಿಯ ಉಬ್ಬರಗಳು ಅಲ್ಲಿಯವರೆಗೆ ಬರುವುದಿಲ್ಲ. ಸುಮಾರು ಎರಡು ವಾರದ ಬಳಿಕ ಮತ್ತೆ ದೊಡ್ಡ ಉಬ್ಬರ ಬಂದು ಮರಳನ್ನು ಕದಡಿದಾಗ ಮೊಟ್ಟೆಗಳು ಒಡೆದು ಮರಿಗಳು ಕಡಲಿಗೆ ಸೇರುತ್ತವೆ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹಲವು ಹವಳಗಳು ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಒಟ್ಟಿಗೆ ಅಂಡಾಣು, ವೀರ್ಯಾಣುಗಳನ್ನು ನೀರಿಗೆ ಬಿಡುತ್ತವೆ.

ಹೊಂಡ ನೋಡಲು ಯಾವಾಗ ಹೋಗಬೇಕು?

ಉಬ್ಬರವಿಳಿತದ ವೇಳಾಪಟ್ಟಿಯಲ್ಲಿ ಹಗಲಿನ ಅತಿ ತಗ್ಗಿನ ಇಳಿತವನ್ನು ಹುಡುಕಿ, ಅದಕ್ಕೆ ಒಂದು ಗಂಟೆ ಮೊದಲು ಅಲ್ಲಿರಬೇಕು. ನೀರಿನ ಹಿಂದೆಯೇ ಕೆಳಗಿಳಿಯುತ್ತ ಹೋಗಿ, ಅದು ತಿರುಗಿದೊಡನೆ ಮೇಲೇರಲು ಆರಂಭಿಸಬೇಕು. ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದನ್ನು ಮಕ್ಕಳಿಗೆ ಮುಂಚೆಯೇ ತಿಳಿಸಿ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಐದನೆಯದರಲ್ಲಿ 2, ಆರನೆಯದರಲ್ಲಿ 1 ಎಂಬುದು ನಾವಿಕರ ಸ್ಥೂಲ ಲೆಕ್ಕ. ಮೊದಲ ಗಂಟೆಯ ನಿಧಾನವನ್ನು ನಂಬಿ ನಿಂತವರೇ ಮೂರನೆಯ ಗಂಟೆಯಲ್ಲಿ ಬಂಡೆಯ ಮೇಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅಲೆಗಳಿಗೆ ಬೆನ್ನು ಹಾಕಿ ನಿಲ್ಲಬಾರದು, ಹಸಿರು ಪಾಚಿಯ ಮೇಲೆ ಕಾಲಿಡಬಾರದು.

ಅಲ್ಲಿರುವುದನ್ನು ಮುಟ್ಟಬಹುದೇ, ಮನೆಗೆ ತರಬಹುದೇ?

ಒದ್ದೆ ಬೆರಳಿನಿಂದ ಮೆಲ್ಲಗೆ ಮುಟ್ಟಬಹುದು, ಗುರುತು ತಿಳಿದ ನಿರಪಾಯದ ಜೀವಿಯಾಗಿದ್ದರೆ ಮಾತ್ರ. ಅಂಟಿಕೊಂಡಿರುವ ಲಿಂಪೆಟ್ಟನ್ನಾಗಲಿ ನಕ್ಷತ್ರ ಮೀನನ್ನಾಗಲಿ ಕೀಳಬಾರದು. ಕಲ್ಲನ್ನು ಮಗುಚಿ ನೋಡಿದರೆ ಮೊದಲಿದ್ದಂತೆಯೇ ಇಡಬೇಕು. ತಲೆಕೆಳಗಾಗಿ ಬಿಟ್ಟರೆ ಅಡಿಯ ಜೀವಿಗಳು ಬಿಸಿಲಿಗೆ ಒಣಗುತ್ತವೆ, ಮೇಲಿನ ಪಾಚಿ ಕತ್ತಲಲ್ಲಿ ಕೊಳೆಯುತ್ತದೆ. ಖಾಲಿ ಶಂಖವನ್ನೂ ಅಲ್ಲೇ ಬಿಡುವುದು ಲೇಸು, ಸನ್ಯಾಸಿ ಏಡಿ ಬೆಳೆದಂತೆಲ್ಲ ದೊಡ್ಡ ಮನೆ ಹುಡುಕುತ್ತಿರುತ್ತದೆ.

ಕಡಲು ದೂರವಿದ್ದರೆ ತರಗತಿಯಲ್ಲೇ ಏನು ಮಾಡಬಹುದು?

ಯಾವುದಾದರೊಂದು ಬಂದರಿನ ಒಂದು ತಿಂಗಳ ವೇಳಾಪಟ್ಟಿ ತೆಗೆದುಕೊಂಡು ಪ್ರತಿದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಎತ್ತರಗಳನ್ನು ನಕ್ಷೆಯ ಹಾಳೆಯಲ್ಲಿ ಗುರುತಿಸಲಿ. ಚಂದ್ರನ ಕಲೆಗಳನ್ನು ಮಾತ್ರ ಕ್ಯಾಲೆಂಡರ್ ನೋಡದೆ, ಸಂಜೆ ಹೊರಗೆ ನಿಂತು ತಾವೇ ನೋಡಿ ಬರೆದುಕೊಳ್ಳಲಿ. ನಕ್ಷೆಯಲ್ಲಿ ಎರಡು ಕಡೆ ಹೊಟ್ಟೆ ಉಬ್ಬಿ ಎರಡು ಕಡೆ ಸೊಂಟ ಕಿರಿದಾಗುತ್ತದೆ. ಯಾವುದು ಯಾವ ಚಂದ್ರನಿಗೆ ಹೊಂದುತ್ತದೆ ಎಂದು ನಾವು ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ.

ಉಬ್ಬರ ಯಾವಾಗಲೂ ಹೀಗೆಯೇ ಇತ್ತೇ?

ಇಲ್ಲ. ಕಡಲತಳದೊಡನೆ ಉಬ್ಬರದ ನೀರು ತಿಕ್ಕಾಡುವುದರಿಂದ ಭೂಮಿಯ ತಿರುಗುವಿಕೆ ಬಹಳ ನಿಧಾನವಾಗಿ ಕುಂದುತ್ತಿದೆ, ಚಂದ್ರ ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನ ಮೇಲೆ ಇಟ್ಟು ಬಂದ ಪ್ರತಿಫಲಕಕ್ಕೆ ಭೂಮಿಯಿಂದ ಲೇಸರ್ ಹಾಯಿಸಿ, ಅದು ಹಿಂದಿರುಗುವ ಕಾಲವನ್ನು ಅಳೆದು ಈ ದೂರವನ್ನು ಕಂಡುಕೊಳ್ಳಲಾಗಿದೆ: ವರ್ಷಕ್ಕೆ ಸುಮಾರು 3.8 ಸೆಂ.ಮೀ. ಇದಕ್ಕೆ ಕಲ್ಲಿನಲ್ಲೂ ಸಾಕ್ಷಿಯಿದೆ. ಹವಳಗಳು ದಿನಕ್ಕೊಂದು ತೆಳುವಾದ ಗೆರೆಯನ್ನು ಸೇರಿಸುತ್ತ ಬೆಳೆಯುತ್ತವೆ. ಡಿವೋನಿಯನ್ ಯುಗದ, ಎಂದರೆ ಸುಮಾರು 38 ಕೋಟಿ ವರ್ಷಗಳ ಹಿಂದಿನ ಹವಳದ ಪಳೆಯುಳಿಕೆಗಳನ್ನು ಮಸೂರದ ಕೆಳಗಿಟ್ಟು ಜಾನ್ ವೆಲ್ಸ್ 1963ರಲ್ಲಿ ಗೆರೆಗಳನ್ನು ಎಣಿಸಿದರು. ಒಂದು ವರ್ಷದ ಬೆಳವಣಿಗೆಯಲ್ಲಿ ಸಿಕ್ಕ ಗೆರೆಗಳು 365 ಅಲ್ಲ, ಸುಮಾರು 400. ಒಂದು ವರ್ಷದಲ್ಲಿ ಅಷ್ಟು ದಿನಗಳು ಹಿಡಿಸಬೇಕಾದರೆ ಆಗಿನ ದಿನಕ್ಕೆ ಸುಮಾರು 22 ಗಂಟೆಗಳಷ್ಟೇ ಇದ್ದಿರಬೇಕು.